ಕಾಯಿ ಹಣ್ಣಾಗುವ ಹೊತ್ತು

ಸಂಜೆ ಆರರ ಸುಮಾರಿಗೆ ಮುದಗಲ್ ಕೋಟೆಯ ಕಲ್ಲುಗಳು ಹಗಲೆಲ್ಲ ಕುಡಿದ ಬಿಸಿಲನ್ನು ಇನ್ನೂ ಉಗುಳುತ್ತಿರುತ್ತವೆ. ರಾಯಚೂರು ಜಿಲ್ಲೆಯ ಬೇಸಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಅದು ಇಳಿದ ಮೇಲೆಯೇ ಊರು ಮನೆಯಿಂದ ಹೊರಗೆ ಬರುವುದು. ಮಿರ್ಚಿ ಕರಿಯುವ ಬಾಣಲೆ ಒಲೆ ಏರುತ್ತದೆ. ಮಂಡಾಳು ಒಗ್ಗರಣೆಯ ವಾಸನೆ ಓಣಿಯ ತಿರುವಿನವರೆಗೂ ಬಂದು ಕರೆಯುತ್ತದೆ. ಅದೇ ಹೊತ್ತಿಗೆ ಯಾವುದೋ ಕಟ್ಟೆಯ ಹಾಸುಗಲ್ಲಿನ ಮೇಲೆ ಹುಡುಗನೊಬ್ಬ ಇದ್ದಿಲ ಚೂರು ಹಿಡಿದು ಗೆರೆ ಎಳೆಯತೊಡಗುತ್ತಾನೆ. ಉದ್ದಕ್ಕೆ ಆರು ಗೆರೆ, ಅಡ್ಡಕ್ಕೆ ಆರು ಗೆರೆ. ಒಟ್ಟು 25 ಮನೆ. ನಾಲ್ಕು ಅಂಚುಗಳ ನಡುಮನೆಗೂ ಊರ ನಡುವಿನಂತಿರುವ ಮಧ್ಯದ ಮನೆಗೂ ಒಂದೊಂದು ಕಾಟು. ಮುಗಿಯಿತು, ಚೌಕಾಬಾರದ ಪಟ ಸಿದ್ಧ. ಖರ್ಚು ಸೊನ್ನೆ.

ಈ ಪಟದ ಸುತ್ತ ನಾಲ್ವರು ಗೆಳೆಯರನ್ನು ಊಹಿಸಿಕೊಳ್ಳಿ. ಹೆಸರು ಬೇಡ. ಇಂಥ ನಾಲ್ವರು ಮುದಗಲ್‌ನಲ್ಲಿದ್ದಂತೆ ಮಸ್ಕಿಯಲ್ಲೂ ಸಿಂಧನೂರಿನಲ್ಲೂ ಸಿಕ್ಕಾರು. ಒಬ್ಬ ಪಿಯುಸಿ ಎರಡನೆಯ ವರ್ಷದ ವಿಜ್ಞಾನದ ವಿದ್ಯಾರ್ಥಿ. ಇನ್ನೊಬ್ಬ ಅಪ್ಪನ ಬಟ್ಟೆ ಅಂಗಡಿಯಲ್ಲಿ ಕೂರುವವನು. ಮೂರನೆಯವನದು ತೊಗರಿ, ಸಜ್ಜೆ ಬೆಳೆಯುವ ಒಕ್ಕಲುತನದ ಮನೆ. ನಾಲ್ಕನೆಯವನು ಐಟಿಐ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಕಾಯುತ್ತಿರುವವನು. ಮೊಹರಂ ಬಂತೆಂದರೆ ಹಿಂದೂ, ಮುಸ್ಲಿಂ ಎನ್ನದೆ ಊರಿಗೆ ಊರೇ ಬೀದಿಗಿಳಿಯುವ ಮುದಗಲ್‌ನಲ್ಲಿ ಈ ನಾಲ್ವರು ಒಂದೇ ಜಾತಿಯವರಾಗಿರಬೇಕೆಂದು ಯಾರೂ ಎಣಿಸುವುದಿಲ್ಲ. ಕಾಯಿಗಳೂ ಹಾಗೆಯೇ: ಒಬ್ಬನದು ಬಳೆಯ ಚೂರು, ಒಬ್ಬನದು ಹರಳು, ಒಬ್ಬನದು ಕಸಬರಿಗೆ ಕಡ್ಡಿಯ ತುಂಡು, ಇನ್ನೊಬ್ಬನದು ಮೆಕ್ಕೆಜೋಳದ ಕಾಳು. ಎಸೆಯಲು ನಾಲ್ಕು ಕವಡೆ ಇದ್ದರೆ ಸರಿ. ಇಲ್ಲವಾದರೆ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ ನಾಲ್ಕು ಹುಣಸೆ ಬೀಜ.

ಆಟ ಶುರುವಾಗುವ ಮೊದಲೇ ಜಗಳ ಶುರು. ಹೊಡೆದವನಿಗೆ ಇನ್ನೊಂದು ಗರ ಉಂಟೋ ಇಲ್ಲವೋ? ಒಂದೇ ಮನೆಯಲ್ಲಿ ಎರಡು ಕಾಯಿ ಕೂತರೆ ಅದು ಗಟ್ಟಿಯೋ ಅಲ್ಲವೋ? ಬೀಜ ಕಟ್ಟೆಯಿಂದ ಕೆಳಗೆ ಬಿದ್ದರೆ ಆ ಗರ ಲೆಕ್ಕಕ್ಕುಂಟೆ? “ನಮ್ಮ ಅಮ್ಮನ ಊರಾಗ ಹಿಂಗ ಆಡ್ತಾರ” ಎಂದು ಒಬ್ಬ. “ನಿನ್ನೆ ಹಂಗಿದ್ದಿಲ್ಲಲೇ” ಎಂದು ಇನ್ನೊಬ್ಬ. ಹತ್ತು ನಿಮಿಷದ ಮಾತುಕತೆಯ ನಂತರ ಒಂದು ಒಪ್ಪಂದ. ಆ ಹೊತ್ತಿಗೆ ಕರೆಂಟು ಹೋಗುತ್ತದೆ. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಅಷ್ಟು ದೊಡ್ಡ ವಿದ್ಯುತ್ ಸ್ಥಾವರವಿದ್ದರೂ ಕರೆಂಟು ಹೋಗುವುದು ಹೋಗಿಯೇ ಹೋಗುತ್ತದೆ. ಅದು ಬೇರೆ ಮಾತು. ಒಬ್ಬ ಮೊಬೈಲಿನ ಬೆಳಕು ಹಿಡಿಯುತ್ತಾನೆ. ಆಟ ನಡೆಯುತ್ತದೆ.

ಅಷ್ಟರಲ್ಲಿ ಮನೆಯ ಬಾಗಿಲಿಂದ ಒಂದು ದನಿ: “ಪರೀಕ್ಷಿ ಎಂಟು ದಿನ ಐತಿ, ಇವ ಇಲ್ಲಿ ಬೀಜ ಉಳ್ಳಾಡಿಸಿಕೊಂತ ಕುಂತಾನ!”

ಈ ಮಾತನ್ನು ಕೇಳದೆ ಬೆಳೆದ ವಿದ್ಯಾರ್ಥಿ ಇಲ್ಲ, ಆಡದೆ ಮಕ್ಕಳನ್ನು ಬೆಳೆಸಿದ ತಂದೆತಾಯಿಯರೂ ವಿರಳ. ಹಾಗಾದರೆ ಆ ಕಟ್ಟೆಯ ಮೇಲೆ ಕಳೆದ ಒಂದು ಗಂಟೆ ನಿಜಕ್ಕೂ ಹಾಳಾದ ಗಂಟೆಯೇ?

ಹುಣಸೆ ಬೀಜದ ಗಣಿತ

ಮೊದಲು ಲೆಕ್ಕದ ಮಾತು. ಪಿಯುಸಿ ಹುಡುಗನ ಪಠ್ಯದಲ್ಲಿ ಸಂಭವನೀಯತೆ ಎಂಬ ಅಧ್ಯಾಯವಿದೆ. ನಾಣ್ಯ ಚಿಮ್ಮುವುದು, ಚೀಲದೊಳಗಿನ ಕೆಂಪು ನೀಲಿ ಚೆಂಡು ತೆಗೆಯುವುದು, ಇಂಥವೇ ಅಲ್ಲಿನ ಉದಾಹರಣೆಗಳು. ಹುಡುಗರಿಗೆ ಆ ಚೀಲದ ಚೆಂಡುಗಳ ಮೇಲೆ ಯಾವ ಅಕ್ಕರೆಯೂ ಇರುವುದಿಲ್ಲ. ಚೌಕಾಬಾರದಲ್ಲಾದರೆ ಗೆಲುವು ಸೋಲೇ ಅದರ ಮೇಲೆ ನಿಂತಿದೆ.

ಬೀಜ ನಾಲ್ಕು. ಒಂದು ಬಿಳಿ ಮೇಲಾದರೆ ಒಂದು, ಎರಡಾದರೆ ಎರಡು, ಮೂರಾದರೆ ಮೂರು, ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ಚೌಕ, ಬಾರ ಬಿದ್ದವನಿಗೆ ಇನ್ನೊಂದು ಗರ. ಪ್ರತಿ ಬೀಜ ಎರಡು ರೀತಿ ಬೀಳಬಹುದಾದ್ದರಿಂದ ನಾಲ್ಕು ಬೀಜ ಬೀಳುವ ಬಗೆ ಒಟ್ಟು 16. ಅದರಲ್ಲಿ ‘ಒಂದು’ ಬೀಳುವುದು 4 ಬಗೆ, ‘ಎರಡು’ 6 ಬಗೆ, ‘ಮೂರು’ 4 ಬಗೆ, ಚೌಕ ಒಂದೇ ಬಗೆ, ಬಾರ ಒಂದೇ ಬಗೆ. ಆದ್ದರಿಂದ ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಂತವನು ಹದಿನಾರರಲ್ಲಿ ಆರು ಸಲ ಹೊಡೆತ ತಿನ್ನುತ್ತಾನೆ. ನಾಲ್ಕು ಮನೆ ಮುಂದೆ ನಿಂತವನಿಗೆ ಒಂದೇ ಎಸೆತದ ಹೊಡೆತ ಬೀಳುವುದು ಹದಿನಾರರಲ್ಲಿ ಒಂದು ಸಲ ಮಾತ್ರ. ಐದು, ಆರು, ಏಳು ಒಂದೇ ಎಸೆತಕ್ಕೆ ಬೀಳುವುದೇ ಇಲ್ಲ; ಚೌಕ ಬಿದ್ದು, ಅದರ ಹಿಂದೆ ಸಿಗುವ ಮರುಗರವೂ ಸರಿಯಾಗಿ ಬಿದ್ದರೆ ಮಾತ್ರ ಅಪಾಯ. ಹಳಬ ಆಟಗಾರ ಇದನ್ನು ಪುಸ್ತಕ ನೋಡಿ ಹೇಳುವುದಿಲ್ಲ. “ಅವನ ಮೂಗಿನ ಮುಂದ ನಿಲ್ಲಬ್ಯಾಡಲೇ, ದೂರ ಸರಿ” ಎನ್ನುತ್ತಾನೆ, ಅಷ್ಟೆ.

ಪರೀಕ್ಷಿಸಬೇಕೆನ್ನುವ ವಿದ್ಯಾರ್ಥಿ 160 ಸಲ ಬೀಜ ಎಸೆದು ಬರೆದಿಟ್ಟುಕೊಳ್ಳಲಿ. ಬೀಜ ನ್ಯಾಯವಾಗಿದ್ದರೆ ‘ಎರಡು’ ಸುಮಾರು 60 ಸಲ ಬೀಳಬೇಕು, ‘ಒಂದು’ ಮತ್ತು ‘ಮೂರು’ ಸುಮಾರು 40 ಸಲ, ಚೌಕ, ಬಾರ ಸುಮಾರು ಹತ್ತು ಹತ್ತು ಸಲ. ಸ್ವಲ್ಪ ಹೆಚ್ಚುಕಡಿಮೆ ಸಹಜ. ಆದರೆ ಬಾರ ಇಪ್ಪತ್ತು ಸಲ ಬಿತ್ತೆನ್ನಿ. ಆಗ ಬೀಜದ ಮೇಲೆ ಗುಮಾನಿ ಪಡಬೇಕು. ಹುಣಸೆ ಬೀಜಗಳಲ್ಲಿ ಒಂದು ಮಗ್ಗುಲು ಚಪ್ಪಟೆ, ಒಂದು ಉಬ್ಬು. ಎಷ್ಟು ಉಜ್ಜಿದರು ಎಂಬುದರ ಮೇಲೂ ಹೋಗುತ್ತದೆ. ಬೀಜ ನೂರಕ್ಕೆ 60 ಸಲ ಕಪ್ಪು ಮೇಲಾಗಿ ಬೀಳುವಂಥದ್ದಾದರೆ ಸಾಕು, ಬಾರ ಬೀಳುವ ಸಾಧ್ಯತೆ ಎರಡು ಪಟ್ಟಾಗುತ್ತದೆ, ಚೌಕದ್ದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಮನೆಯಿಂದ ತನ್ನದೇ ಬೀಜ ತರುವ ಗೆಳೆಯನನ್ನು ಉಳಿದ ಮೂವರು ಯಾಕೆ ಓರೆಗಣ್ಣಿಂದ ನೋಡುತ್ತಾರೆ ಎಂಬುದಕ್ಕೆ ಇದೇ ಕಾರಣ!

ಈ 1, 4, 6, 4, 1ರ ಲೆಕ್ಕ ಹೊರಗಿನಿಂದ ಬಂದದ್ದೂ ಅಲ್ಲ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರ ಕೊಟ್ಟ ಮಹಾವೀರಾಚಾರ್ಯ ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದ್ದವನು. ‘ಗಣಿತಸಾರ ಸಂಗ್ರಹ’ ಅವನ ಗ್ರಂಥ. ಅಮೋಘವರ್ಷನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಮುದಗಲ್‌ನ ಹುಡುಗನಿಗೆ ಅದು ಪರದೇಶವೇನೂ ಅಲ್ಲ.

ಇನ್ನೂ ಚಿಕ್ಕ ಮಕ್ಕಳ ವಿಷಯಕ್ಕೆ ಬಂದರೆ, ಅಮೆರಿಕದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಎಂಬ ಮನೋವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ತಾಯಂದಿರು ಗಮನಿಸಬಹುದು. ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳಿಗೆ ಅವರು ಅಂಕಿ ಬರೆದ ಮನೆಗಳ ಸಾಲಿನ ಮೇಲೆ ಕಾಯಿ ನಡೆಸುವ ಸರಳ ಆಟ ಆಡಿಸಿದರು. ಹದಿನೈದು ನಿಮಿಷದಂತೆ ನಾಲ್ಕು ಸಲ, ಅಷ್ಟೆ. ಆ ಮಕ್ಕಳು ಎಣಿಕೆಯಲ್ಲಿ, ಯಾವ ಅಂಕಿ ದೊಡ್ಡದೆಂದು ಗುರುತಿಸುವುದರಲ್ಲಿ ಸ್ಪಷ್ಟವಾಗಿ ಮುಂದೆ ಬಂದರು. ಅಂಕಿಯ ಬದಲು ಬಣ್ಣದ ಮನೆಗಳಿದ್ದ ಆಟ ಆಡಿದವರಲ್ಲಿ ಆ ಏರಿಕೆ ಕಾಣಲಿಲ್ಲ. ಒಂಬತ್ತು ವಾರದ ನಂತರ ನೋಡಿದಾಗಲೂ ಕಲಿತದ್ದು ಉಳಿದಿತ್ತು. ಕಾಯಿ ನಡೆಸುತ್ತ “ಒಂದು, ಎರಡು, ಮೂರು” ಎಂದು ಮೊಮ್ಮಗುವಿನ ಬೆರಳು ಹಿಡಿದು ಎಣಿಸುವ ಅಜ್ಜಿ ಇದನ್ನೇ ಮಾಡುತ್ತಿದ್ದಳು. ಅವಳ ಕೆಲಸವನ್ನು ಯಾರೂ ಅಧ್ಯಯನವೆಂದು ಕರೆಯಲಿಲ್ಲ.

ಅಜ್ಜಿಯ ಮಾತು ಬಂದದ್ದು ಒಳ್ಳೆಯದೇ ಆಯಿತು. ಕಟ್ಟೆಯ ಆಟ ಕಂಡಷ್ಟು ಸುಲಭವಾಗಿ ಪಡಸಾಲೆಯ ಆಟ ಕಾಣುವುದಿಲ್ಲ. ಬೀದಿಯ ಕಟ್ಟೆ ಬಹುಮಟ್ಟಿಗೆ ಹುಡುಗರ ಸ್ವತ್ತು. ಹೆಣ್ಣುಮಕ್ಕಳ ಚೌಕಾಬಾರ, ಅಳಗುಳಿಮಣೆ ನಡೆಯುವುದು ಮನೆಯೊಳಗೆ, ಅದೂ ಕೆಲಸ ಮುಗಿದು ಉಳಿದ ಹೊತ್ತಿನಲ್ಲಿ. ಎರಡು ಸಾಲಿನಲ್ಲಿ ಏಳೇಳರಂತೆ ಹದಿನಾಲ್ಕು ಗುಳಿಗಳಿರುವ ಮಣೆಯಲ್ಲಿ ಕಾಳು ಹಂಚುತ್ತ ಹೋಗುವ ಅಜ್ಜಿ, ಕೊನೆಯ ಕಾಳು ಎಲ್ಲಿ ಬೀಳುತ್ತದೆಂಬುದನ್ನು ಕೈ ಎತ್ತುವ ಮೊದಲೇ ಬಲ್ಲಳು. ಅವಳನ್ನು ಸೋಲಿಸಿದ ಪಿಯುಸಿ ಗಣಿತದ ವಿದ್ಯಾರ್ಥಿ ಇದ್ದರೆ ಅವನಿಗೆ ಬಹುಮಾನ ಕೊಡಬೇಕು. ನಾಲ್ವರು ಗೆಳತಿಯರು ಪ್ರತಿದಿನ ಸಂಜೆ ಒಂದು ಗಂಟೆ ನಿಶ್ಚಿಂತೆಯಿಂದ ಕೂತು ಆಡಲು ಎಷ್ಟು ಮನೆಗಳಲ್ಲಿ ಬಿಡುವು ಸಿಗುತ್ತದೆ ಎಂದು ತಂದೆತಾಯಿಯರು ಒಮ್ಮೆ ತಮ್ಮಷ್ಟಕ್ಕೆ ಕೇಳಿಕೊಳ್ಳಬಹುದು.

ಅರಮನೆಯಿಂದ ಹಾಸುಗಲ್ಲಿನವರೆಗೆ

ಈ ಆಟಗಳು ನಿನ್ನೆ ಮೊನ್ನೆಯವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ‘ಮಾನಸೋಲ್ಲಾಸ’ ಬರೆದ. ರಾಜನಾದವನು ಹೇಗೆ ಆಳಬೇಕು ಎಂಬುದರಿಂದ ಏನು ಉಣ್ಣಬೇಕು ಎಂಬುದರವರೆಗೆ ಎಲ್ಲವನ್ನೂ ಹೇಳುವ ಆ ಸಂಸ್ಕೃತ ಗ್ರಂಥದಲ್ಲಿ ಚತುರಂಗಕ್ಕೂ ಪಗಡೆಯ ದಾಳದಾಟಕ್ಕೂ ಕವಡೆಯಾಟಕ್ಕೂ ಜಾಗ ಸಿಕ್ಕಿದೆ. ಅವನ ರಾಜಧಾನಿ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ರಾಜನ ಕಾಲಕ್ಷೇಪದಲ್ಲಿ ಆಟಕ್ಕೂ ಒಂದು ಹೊತ್ತುಂಟು ಎಂದು ರಾಜನೇ ಬರೆದಿಟ್ಟದ್ದು ವಿಶೇಷ.

ಆದರೆ ಆಟ ಅರಮನೆಯಲ್ಲಷ್ಟೇ ಇರಲಿಲ್ಲ ಎಂಬುದಕ್ಕೆ ಸಾಕ್ಷಿ ನೋಡಬೇಕಾದರೆ ಹಂಪಿಗೆ ಹೋಗಬೇಕು. ಶಾಲೆಯ ಪ್ರವಾಸದಲ್ಲಿ ಹೋದ ಮಕ್ಕಳು ಕಲ್ಲಿನ ರಥ ನೋಡಿ, ಫೋಟೊ ತೆಗೆಸಿಕೊಂಡು ಬರುತ್ತಾರೆ. ಇನ್ನೊಮ್ಮೆ ಹೋದಾಗ ತಲೆ ತಗ್ಗಿಸಿ ಮಂಟಪಗಳ ನೆಲವನ್ನೂ ನೋಡಲಿ. ಹಾಸುಗಲ್ಲಿನ ಮೇಲೆ ಉಳಿಯಿಂದ ಕೊರೆದ ಆಟದ ಪಟಗಳು ಅಲ್ಲಲ್ಲಿ ಕಾಣುತ್ತವೆ: ಚೌಕದೊಳಗೆ ಚೌಕ ಇರುವ ಸಾಲುಮನೆ, ತ್ರಿಕೋನದ ಹುಲಿ-ಕುರಿ ಪಟ, ಸಾಲು ಗುಳಿಗಳು. ವಿದ್ವಾಂಸೆ ರಂಗಾಚಾರ್ ವಸಂತ ಅವರು ಈ ಪಟಗಳ ಸಮೀಕ್ಷೆಯನ್ನೇ ಮಾಡಿ ಪ್ರಕಟಿಸಿದ್ದಾರೆ. ಅದನ್ನು ಕೊರೆದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಕಾವಲಿನವರೋ, ಸಂತೆಗೆ ಬಂದ ವರ್ತಕರೋ, ಬಿಡುವಿನ ಕಲ್ಲುಕುಟಿಗರೋ, ಯಾರಾದರೂ ಇರಲಿ, ಎದುರು ಕೂರಲು ಇನ್ನೊಬ್ಬನಿದ್ದ ಎಂಬುದಂತೂ ಖಂಡಿತ. ಒಬ್ಬನೇ ಆಡಲು ಯಾರೂ ಕಲ್ಲು ಕೊರೆಯುವುದಿಲ್ಲ.

ಸಾಲುಮನೆಯ ಬಗ್ಗೆ ಒಂದು ಮಾತು. ಮೂರು ಕಾಯಿ ಒಂದೇ ಸಾಲಿಗೆ ಬಂದರೆ ಎದುರಾಳಿಯ ಒಂದು ಕಾಯಿ ಎತ್ತುವ ಈ ಆಟಕ್ಕೆ ನವಕಂಕರಿ ಎಂಬ ಹೆಸರೂ ಇದೆ; ಒಬ್ಬೊಬ್ಬರಿಗೆ ಒಂಬತ್ತು ಕಾಯಿ, ಒಟ್ಟು 24 ಬಿಂದು. ಯುರೋಪಿನಲ್ಲೂ ಇದೇ ಆಟ ಹಳೆಯ ಕಾಲದಿಂದ ಇದೆ. 1993ರಲ್ಲಿ ರಾಲ್ಫ್ ಗ್ಯಾಸರ್ ಎಂಬ ಸ್ವಿಟ್ಜರ್ಲೆಂಡಿನ ಸಂಶೋಧಕ ಗಣಕಯಂತ್ರದಿಂದ ಇದರ ಎಲ್ಲ ಸಾಧ್ಯತೆಗಳನ್ನು ಜಾಲಾಡಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲ ಎಂದು ತೋರಿಸಿದ. ಕಟ್ಟೆಯ ಮೇಲೆ ದಿನಾ ಯಾರಾದರೊಬ್ಬರು ಗೆಲ್ಲುತ್ತಾರಲ್ಲ ಎಂದರೆ, ದಿನಾ ಯಾರಾದರೊಬ್ಬರು ತಪ್ಪುತ್ತಾರೆ ಎಂದರ್ಥ.

ಕರ್ನಾಟಕದಲ್ಲಿ ಆಟಗಳಿಗೆ ಅತಿ ದೊಡ್ಡ ಆಶ್ರಯ ಕೊಟ್ಟವರೆಂದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಅವರ ಬಳಿ ಉಳಿದದ್ದು ಪಟ್ಟ ಮತ್ತು ಬಿಡುವು. ಆ ಬಿಡುವಿನಲ್ಲಿ ಸಾಹಿತ್ಯ, ಸಂಗೀತ, ಚಿತ್ರಕಲೆಗಳೊಂದಿಗೆ ಆಟಗಳನ್ನೂ ಬೆಳೆಸಿದರು. ಹೊಸ ಪಟದಾಟಗಳನ್ನೂ ಎಲೆಯಾಟಗಳನ್ನೂ ತಾವೇ ಕಟ್ಟಿದರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ತುಳಿದು ಬರುವ ನಡೆಗಳನ್ನು ರಚಿಸಿದರು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕ ನಿಧಿ ಇಂಥ ಆಟಗಳಿಗೇ ಮೀಸಲು. ಅದೇ ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 2007ರಿಂದ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳನ್ನು ನಡೆಸಿ, ನಾಡಿನ ನಾನಾ ಕುಶಲಕರ್ಮಿಗಳಿಂದ ಹಳೆಯ ಪಟಗಳನ್ನು ಹೊಸದಾಗಿ ಮಾಡಿಸಿ ಜನರ ಮುಂದಿಟ್ಟಿತು.

ಹೊರದೇಶದವರು ಇದರಿಂದ ಹಣವನ್ನೂ ಮಾಡಿಕೊಂಡರು. ಭಾರತದ ಪಚ್ಚೀಸಿಯನ್ನು ಸ್ವಲ್ಪ ಬದಲಿಸಿ ‘ಪಾರ್ಚೀಸಿ’ ಎಂದು ಅಮೆರಿಕದಲ್ಲಿ 1874ರಲ್ಲಿ ಟ್ರೇಡ್‌ಮಾರ್ಕ್ ಮಾಡಿಸಲಾಯಿತು. ಇಂಗ್ಲೆಂಡಿನಲ್ಲಿ ಅದೇ ಆಟ ಇನ್ನಷ್ಟು ಸರಳವಾಗಿ ಲೂಡೊ ಆಯಿತು, ಪೇಟೆಂಟ್ ಕೂಡ ಪಡೆಯಿತು. ಪೆಟ್ಟಿಗೆಯೊಳಗೆ ಕೂತು ನಮ್ಮ ಜಾತ್ರೆಯ ಅಂಗಡಿಗಳಿಗೇ ಮರಳಿ ಬಂತು. ತೆಲುಗು ನಾಡಿನಲ್ಲಿ ಚೌಕಾಬಾರವನ್ನು ಅಷ್ಟಾಚಮ್ಮ ಎನ್ನುತ್ತಾರೆ. ಹೆಸರು ಹತ್ತಾರು, ನಡೆ ಒಂದೇ.

ಆ ನಡೆಯನ್ನು ಮುದಗಲ್‌ನವರಿಗೆ ವಿವರಿಸುವುದು ಸುಲಭ. ಚೌಕಾಬಾರದ ಕಾಯಿ ಹೊರಸುತ್ತಿನ 16 ಮನೆ ಸುತ್ತಿ, ಒಳಸುತ್ತಿನ 8 ಮನೆ ದಾಟಿ, ನಡುಮನೆ ಸೇರಬೇಕು. ತನ್ನ ಮನೆಯಿಂದ ಎಣಿಸಿದರೆ 24 ಹೆಜ್ಜೆ. ಆದರೆ ಎದುರಾಳಿಯ ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಕಂದಕ ದಾಟಿ, ಹೊರಕೋಟೆ ಮುಗಿಸಿ, ಒಳಕೋಟೆಗೆ ಹೋಗುವಂತೆಯೇ. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ನೆಲಕ್ಕಾಗಿ ಬಹಮನಿ ಸುಲ್ತಾನರು, ಆದಿಲಶಾಹಿಗಳು, ವಿಜಯನಗರದ ಅರಸರು ಸುಮಾರು ಎರಡು ಶತಮಾನ ಕಾದಾಡಿದರು. ಮುದಗಲ್ ಕೋಟೆ ಒಮ್ಮೆ ಇವರ ಕೈಗೆ, ಒಮ್ಮೆ ಅವರ ಕೈಗೆ ಹೋಯಿತು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದದ್ದೂ ಇದೇ ಜಗ್ಗಾಟದ ಒಂದು ಗರ. ಅಲ್ಲಿ ಬಿದ್ದ ಕಾಯಿಗಳು ಮಾತ್ರ ಮತ್ತೆ ಮನೆಯಿಂದ ಹೊರಡಲಿಲ್ಲ.

ಅಪ್ಪನ ಭಯ

ಇಷ್ಟೆಲ್ಲ ಹೇಳಿದರೂ ಬಾಗಿಲಲ್ಲಿ ನಿಂತು ಗದರಿದ ಅಪ್ಪನ ಭಯವನ್ನು ತಳ್ಳಿಹಾಕುವಂತಿಲ್ಲ. ಅದು ಹಳೆಯ ಭಯ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜಿನಲ್ಲಿ ಹೆಂಡತಿ, ಮನೆ, ಮರ್ಯಾದೆ ಕಳೆದುಕೊಂಡವನ ಗೋಳಿಗಾಗಿಯೇ ಒಂದು ಸೂಕ್ತವಿದೆ. ಧರ್ಮರಾಯ ರಾಜ್ಯ ಸೋತದ್ದು ಪಗಡೆಯಲ್ಲಿ. ಗದುಗಿನ ಭಾರತದ ಸಭಾಪರ್ವವನ್ನು ಗಮಕಿಗಳು ಓದುವಾಗ ಇಡೀ ಊರು ಉಸಿರು ಬಿಗಿಹಿಡಿದು ಕೇಳುತ್ತಿದ್ದದ್ದು ದಾಳದ ಸದ್ದಿಗಲ್ಲ, ಪಣಕ್ಕೆ. ದ್ರೌಪದಿಯನ್ನೇ ಒಡ್ಡಿದನಲ್ಲ ಎಂಬ ಸಂಕಟಕ್ಕೆ. ಹಾಗಾಗಿ ಬೀಜದ ಸದ್ದು ಕೇಳಿದರೆ ಕನ್ನಡದ ಅಪ್ಪ ಅಮ್ಮಂದಿರ ಎದೆ ಝಲ್ಲೆನ್ನುವುದು ಸಹಜವೇ. ಹಬ್ಬದ ನೆಪದಲ್ಲಿ ಎಲೆ ಹಿಡಿದು ಕೂತು ಹೊಲ ಬರೆದುಕೊಟ್ಟವರ ಕಥೆ ಪ್ರತಿ ಊರಲ್ಲೂ ಒಂದಾದರೂ ಇರುತ್ತದೆ.

ಆದರೆ ಆ ಭಯ ಹಿಡಿಯಬೇಕಾದದ್ದು ಪಣವನ್ನು, ಪಟವನ್ನಲ್ಲ. ಕಟ್ಟೆಯ ಚೌಕಾಬಾರದಲ್ಲಿ ಸೋತವನು ಹೆಚ್ಚೆಂದರೆ ಎಲ್ಲರಿಗೂ ಮಿರ್ಚಿ ಕೊಡಿಸುತ್ತಾನೆ. ಅದನ್ನೂ ನಿಲ್ಲಿಸಬೇಕೆನ್ನುವ ಅಪ್ಪನ ಮಾತಿನಲ್ಲಿ ತಪ್ಪಿಲ್ಲ. ಇಂದು ಮಿರ್ಚಿ, ನಾಳೆ ಹತ್ತು ರೂಪಾಯಿ, ನಾಡಿದ್ದು ನೂರು ಎಂಬ ದಾರಿ ಅವನಿಗೆ ಗೊತ್ತು. ಗೆಳೆಯರ ಗುಂಪಿನಲ್ಲಿ ದುಡ್ಡು ಬಂದ ದಿನ ಆಟದ ಬಣ್ಣ ಬದಲಾಗುತ್ತದೆ. ಅಲ್ಲಿಯವರೆಗೆ ನಕ್ಕು ಬಿಡುತ್ತಿದ್ದ ಸುಳ್ಳು ಎಣಿಕೆ ಆಮೇಲೆ ಕಳ್ಳತನವಾಗುತ್ತದೆ.

ಹುಡುಗನ ಜೇಬಿನಲ್ಲೇ ಇರುವ ಇನ್ನೊಂದು ಪಟದ ಮೇಲೆ ಮನೆಯವರ ಕಣ್ಣು ಅಷ್ಟಾಗಿ ಬೀಳುವುದಿಲ್ಲ. 2016ರಲ್ಲಿ ಬಂದ ಲೂಡೊ ಕಿಂಗ್‌ನಂಥ ಮೊಬೈಲ್ ಆಟಗಳು 2020ರ ಲಾಕ್‌ಡೌನ್ ದಿನಗಳಲ್ಲಿ ಮನೆಮನೆ ಹೊಕ್ಕವು. ದೂರದ ನೆಂಟರನ್ನು ಒಂದೇ ಪಟಕ್ಕೆ ಕೂಡಿಸಿದ ಪುಣ್ಯವೂ ಅವಕ್ಕಿದೆ. ಆದರೆ ಅದರ ಬೆನ್ನಿಗೇ ಹಣ ಕಟ್ಟಿ ಆಡುವ ಆಟಗಳೂ ಬಂದವು. ಕಟ್ಟೆಯ ಮೇಲೆ ದುಡ್ಡಿಟ್ಟರೆ ಹತ್ತು ಜನ ಕಾಣುತ್ತಾರೆ. ಹೊದಿಕೆಯೊಳಗೆ ಕಳೆದ ದುಡ್ಡು ಯಾರಿಗೂ ಕಾಣುವುದಿಲ್ಲ. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನೇ ಅಂಗೀಕರಿಸಬೇಕಾಯಿತು. ಮಗ ಕಟ್ಟೆಯ ಮೇಲೆ ಕೂತರೆ ಗದರಿ, ಕೋಣೆಯೊಳಗೆ ಮೊಬೈಲ್ ಹಿಡಿದು ಕೂತರೆ ‘ಸದ್ಯ ಮನೆಯಲ್ಲಿದ್ದಾನಲ್ಲ’ ಎಂದು ಸಮಾಧಾನಪಡುವ ಮನೆಗಳಲ್ಲಿ ಲೆಕ್ಕ ಎಲ್ಲೋ ತಪ್ಪಿದೆ. ಚದುರಂಗಕ್ಕೆ ಫೀಸು ಕಟ್ಟಿ ಟ್ಯೂಷನ್ ಹಾಕುವವರೂ ಇದೇ ಅಪ್ಪಂದಿರೇ. ಅಲ್ಲಿ ಸರ್ಟಿಫಿಕೇಟು ಸಿಗುತ್ತದಲ್ಲ!

ಮೊಬೈಲಿನ ಪಟದಲ್ಲಿ ಇನ್ನೊಂದು ಕೊರತೆ ಇದೆ. ಅಲ್ಲಿ ಜಗಳವಿಲ್ಲ. ದಾಳ ಅದೇ ಎಸೆಯುತ್ತದೆ, ಮನೆ ಅದೇ ಎಣಿಸುತ್ತದೆ, ನಿಯಮ ಮೊದಲೇ ಬರೆದಿರುತ್ತದೆ. ಕಟ್ಟೆಯ ಮೇಲಿನ ಆ ಹತ್ತು ನಿಮಿಷದ ವಾಗ್ವಾದ ಅಲ್ಲಿ ಬೇಕಾಗಿಯೇ ಇಲ್ಲ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳೊಡನೆ ತಾನೇ ಗೋಲಿಯಾಡುತ್ತ, ನಿಯಮಗಳ ಬಗ್ಗೆ ಅವರನ್ನು ಕೇಳುತ್ತ ಹೋಗಿ 1932ರಲ್ಲಿ ಒಂದು ಪುಸ್ತಕವನ್ನೇ ಬರೆದ. ಚಿಕ್ಕ ಮಕ್ಕಳು ಆಟದ ನಿಯಮವನ್ನು ದೊಡ್ಡವರೋ ದೇವರೋ ಇಟ್ಟದ್ದು, ಬದಲಿಸಲಾಗದ್ದು ಎಂದು ನಂಬುತ್ತಾರೆ. ಹತ್ತು ವರ್ಷ ದಾಟಿದ ಮಕ್ಕಳಿಗೆ, ನಿಯಮವೆಂದರೆ ತಾವೆಲ್ಲ ಕೂಡಿ ಒಪ್ಪಿಕೊಂಡದ್ದು, ಎಲ್ಲರೂ ಒಪ್ಪಿದರೆ ಬದಲಿಸಬಹುದಾದ್ದು, ಒಪ್ಪಿದ ಮೇಲೆ ಪಾಲಿಸಬೇಕಾದ್ದು ಎಂಬ ತಿಳಿವು ಬರುತ್ತದೆ. ಆ ತಿಳಿವು ಬರುವುದು ಸಮವಯಸ್ಕರ ನಡುವಿನ ಜಗಳ, ರಾಜಿಗಳಿಂದ ಎಂಬುದು ಅವನ ವಾದ. “ಹೊಡೆದವಗ ಇನ್ನೊಂದು ಗರ ಐತಿ, ಆದ್ರ ಎಲ್ಲಾರಿಗೂ ಐತಿ” ಎಂಬ ತೀರ್ಮಾನಕ್ಕೆ ನಾಲ್ವರು ಬಂದರೆಂದರೆ, ಪೌರನೀತಿಯ ಒಂದು ಪಾಠ ಮುಗಿದಂತೆ.

ಸೋಲಿನ ಮಾತೂ ಅಷ್ಟೇ. ಕೊನೆಯ ಕಾಯಿ ನಡುಮನೆಗೆ ಒಂದೇ ಹೆಜ್ಜೆ ದೂರದಲ್ಲಿ ನಿಂತಿದೆ ಎನ್ನಿ. ‘ಒಂದು’ ಬೀಳಲೇಬೇಕು. ಅದು ನಾಲ್ಕರಲ್ಲಿ ಒಂದು ಸಲದ ಮಾತು. ಹತ್ತು ಸಲ ಎಸೆದರೂ ಬೀಳದೇ ಹೋಗುವ ಸಾಧ್ಯತೆ ನೂರಕ್ಕೆ ಐದಾರು. ಅಪರೂಪ, ಆದರೆ ದಿನಾ ಆಡುವ ಗುಂಪಿನಲ್ಲಿ ಅದು ಆಗಿಯೇ ಆಗುತ್ತದೆ. ಎಲ್ಲ ಸರಿಯಾಗಿ ಆಡಿದವನು, ಎಲ್ಲರಿಗಿಂತ ಮುಂದಿದ್ದವನು, ಆ ಒಂದು ಬೀಜ ಮಗುಚದೆ ಸೋಲುತ್ತಾನೆ. ಕೈಲಿದ್ದದ್ದನ್ನು ಸರಿಯಾಗಿ ಮಾಡಿಯೂ ಫಲ ಕೈಗೆ ಬಾರದ ಅನುಭವವನ್ನು ಹುಡುಗನೊಬ್ಬ ಪರೀಕ್ಷೆಯ ಫಲಿತಾಂಶದ ದಿನ ಮೊಟ್ಟಮೊದಲ ಸಲ ಎದುರಿಸುವುದಕ್ಕಿಂತ, ನಗುವ ಮೂವರು ಗೆಳೆಯರ ನಡುವೆ ನೂರು ಸಲ ಎದುರಿಸಿರುವುದು ಮೇಲಲ್ಲವೇ? ನಗುತ್ತಾರೆ, ನಿಜ. ಆದರೆ ನಾಳೆ ಸಂಜೆ ಮತ್ತೆ ಕರೆಯುತ್ತಾರೆ.

ಹಾಗೆಂದು ಪರೀಕ್ಷೆ ಎಂಟು ದಿನವಿರುವಾಗಲೂ ಮೂರು ಮೂರು ಗಂಟೆ ಕೂರಬಹುದು ಎಂದೇನಲ್ಲ. ಒಂದು ಸುತ್ತಿಗೆ ಒಂದು ಗಂಟೆ ಸಾಕು. ಕಟ್ಟೆಯ ಆಟಕ್ಕೆ ಮೊಬೈಲಿಗಿಲ್ಲದ ಒಂದು ಗುಣವಿದೆ: ಅದು ಮುಗಿಯುತ್ತದೆ. ನಾಲ್ವರಲ್ಲಿ ಒಬ್ಬನಿಗೆ ಮನೆಯಿಂದ ಕೂಗು ಬಂದರೆ ಎಲ್ಲರಿಗೂ ಮುಗಿದಂತೆ. ಆಟವನ್ನು ನಿಲ್ಲಿಸುವ ಬದಲು ಹೊತ್ತು ಗೊತ್ತುಮಾಡಿಕೊಡುವ ಅಪ್ಪನಿಗೆ ಮಗ ಎದುರಾಡುವುದು ಕಡಿಮೆ. ಒಂದೆರಡು ಸಲ ತಾನೇ ಬಂದು ಕೂತು ಒಂದು ಗರ ಹಾಕಿ ಹೋದರಂತೂ ಇನ್ನೂ ಕಡಿಮೆ.

ನಾಲ್ಕನೆಯವನ ಜಾಗ

ನಿಜವಾದ ಗಂಡಾಂತರ ಬೇರೆ ಕಡೆಯಿಂದ ಬರುತ್ತದೆ. ಜೂನ್ ಬಂತೆಂದರೆ ಪಿಯುಸಿ ಮುಗಿಸಿದವನು ಹುಬ್ಬಳ್ಳಿಗೋ ಕಲಬುರಗಿಗೋ ಬೆಂಗಳೂರಿಗೋ ಹೊರಡುತ್ತಾನೆ. ಮಳೆ ಕೈಕೊಟ್ಟ ವರ್ಷ ಒಕ್ಕಲುತನದ ಮನೆಯವನು ಮನೆಯವರೊಂದಿಗೆ ಗುಳೆ ಹೋಗುತ್ತಾನೆ. ಲಿಂಗಸುಗೂರು ತಾಲ್ಲೂಕಿನ ಒಣಭೂಮಿಯ ಹಳ್ಳಿಗಳಿಗೆ ಇದು ಹೊಸದಲ್ಲ. ಬೀಗ ಬಿದ್ದ ಮನೆಗಳ ಓಣಿಯಲ್ಲಿ ಪಟ ಬರೆಯುವವರಿರುವುದಿಲ್ಲ. ಐಟಿಐ ಹುಡುಗನಿಗೆ ಕೆಲಸದ ಪತ್ರ ಬರುತ್ತದೆ. ಸಿಹಿ ಹಂಚುತ್ತಾರೆ. ಆ ಸಂಜೆ ಪಟದ ಒಂದು ಅಂಚು ಖಾಲಿ.

ಮೂವರಲ್ಲೂ ಚೌಕಾಬಾರ ಆಡಬಹುದು. ಇಬ್ಬರಲ್ಲೂ ಆಡಬಹುದು. ಆದರೆ ಕಟ್ಟೆಯ ಮೇಲೆ ಕೂತವರಿಗೆ ಖಾಲಿ ಅಂಚು ಕಣ್ಣಿಗೆ ಹೊಡೆಯುತ್ತದೆ. ಕೆಲ ದಿನ ತಮ್ಮನನ್ನು ಕೂರಿಸಿಕೊಳ್ಳುತ್ತಾರೆ. ತಮ್ಮನಿಗೆ ಎಣಿಸಲು ಬರುತ್ತದೆ, ಜಗಳವಾಡಲು ಇನ್ನೂ ಬರುವುದಿಲ್ಲ. ಸೋತರೆ ಅಳುತ್ತಾನೆ. ಕಲಿಯುವವರೆಗೆ ಅವನಿಗೆ ಬಿಟ್ಟುಕೊಟ್ಟು ಆಡಬೇಕು. ಹೀಗೆ ಬಿಟ್ಟುಕೊಟ್ಟೇ ಅಣ್ಣಂದಿರು ಇವರಿಗೂ ಕಲಿಸಿದ್ದು ಎಂಬುದು ಆಗ ನೆನಪಾಗುತ್ತದೆ.

ನಗರಗಳಲ್ಲಿ ಹೋದವರು ಹೊಸ ಪಟ ಹುಡುಕಿಕೊಳ್ಳುತ್ತಾರೆ. 1995ರಲ್ಲಿ ಜರ್ಮನಿಯ ಕ್ಲಾಸ್ ಟಾಯ್ಬರ್ ರೂಪಿಸಿದ ‘ಕತಾನ್’ ಬಂದ ಮೇಲೆ ಯುರೋಪು, ಅಮೆರಿಕಗಳಲ್ಲಿ ಗೆಳೆಯರು ವಾರಕ್ಕೊಂದು ಸಂಜೆ ಪಟದಾಟಕ್ಕೆಂದೇ ಕೂಡುವ ರೂಢಿ ಮತ್ತೆ ಬಲಿತಿತು. ಅಂಥ ಆಟಗಳು ಬೆಂಗಳೂರಿಗೂ ಬಂದಿವೆ. ಪೆಟ್ಟಿಗೆಯ ಬೆಲೆ ಸಾವಿರಗಳಲ್ಲಿ. ಮುದಗಲ್‌ನ ಹುಡುಗ ಹಾಸ್ಟೆಲ್ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆರು ಗೆರೆ ಉದ್ದಕ್ಕೆ, ಆರು ಗೆರೆ ಅಡ್ಡಕ್ಕೆ ಎಳೆದು, ದಾವಣಗೆರೆಯವನನ್ನೂ ಕಾರವಾರದವನನ್ನೂ ಎದುರು ಕೂರಿಸಿದರೆ ಮೊದಲು ಆಗುವುದು ಅದೇ ಹಳೆಯ ಜಗಳ. ಹೊಡೆದವನಿಗೆ ಇನ್ನೊಂದು ಗರ ಉಂಟೋ ಇಲ್ಲವೋ?

ಮುದಗಲ್ ಬಿಟ್ಟು ಹೋದವರು ವರ್ಷದಲ್ಲಿ ಯಾವಾಗ ಬರದಿದ್ದರೂ ಮೊಹರಂಗೆ ಬರಲು ನೋಡುತ್ತಾರೆ. ಚಾಂದ್ರಮಾನದ ಹಬ್ಬವಾದ್ದರಿಂದ ಅದು ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ರಜೆ ಹೊಂದಿಸುವುದೇ ಒಂದು ಸಾಹಸ. ಬಸ್ಸು ಲಿಂಗಸುಗೂರು ದಾಟಿತೆಂದು ಫೋನು ಬರುತ್ತದೆ. ಕಟ್ಟೆಯ ಮೇಲಿನ ಪಟ ಮಳೆಗೆ ತೊಳೆದುಹೋಗಿದೆ. ಒಬ್ಬ ಇದ್ದಿಲು ಹುಡುಕುತ್ತಾನೆ. ಇನ್ನೊಬ್ಬ ಮಿರ್ಚಿ ಕಟ್ಟಿಸಿಕೊಂಡು ಬರಲು ಹೋಗಿದ್ದಾನೆ. ಮೆಟ್ಟಿಲ ಮೇಲೆ ಕೂತ ತಮ್ಮ, ಈ ವರ್ಷ ತನ್ನನ್ನು ಎಬ್ಬಿಸಿಬಿಡುತ್ತಾರೋ ಏನೋ ಎಂಬ ಅನುಮಾನದಲ್ಲಿ, ನಾಲ್ಕು ಹೊಸ ಹುಣಸೆ ಬೀಜಗಳನ್ನು ಕಲ್ಲಿಗೆ ಉಜ್ಜುತ್ತಿದ್ದಾನೆ.